ಸಖುಬಾಯಿ ಟೂರಿಗೆ ಹೋದದ್ದು

ಮಹಾರಾಷ್ಟ್ರದ ಮಿರಜ ಹತ್ತಿರದ ಮಾಲಗಾಂವದ ತವನಪ್ಪ ಮೂವತ್ತನಾಲ್ಕು ವರ್ಷ ಎಸ್‌.ಟಿ. ಎಂಬ ಸರಕಾರಿ ಬಸ್ಸಿನ ಕಂಡಕ್ಟರನಾಗಿದ್ದ. ಅವನ ಹೆಂಡತಿ ಸಖುಬಾಯಿ ಆ ಮೂವತ್ತನಾಲ್ಕು ವರ್ಷಗಳಲ್ಲಿ ಸುಮ್ಮನೆ ನೋಡಿ ಬರೋಣವೆಂದು ಒಂದು ಸಲವೂ ಎಲ್ಲಿಗೂ ಹೋದವಳಲ್ಲ. ಮದುವೆಗಳಿಗೆ ಹೋಗಿದ್ದಳು, ಮಗಳ ಬಾಣಂತನಕ್ಕೆ ಇಚಲಕರಂಜಿಗೆ ಹೋಗಿದ್ದಳು. ಮಿರಜಿನ ದವಾಖಾನೆಗಳಲ್ಲಿ ಮಲಗಿದ ಬಂಧುಗಳಿಗೆ ಬುತ್ತಿ ಒಯ್ದಿದ್ದಕ್ಕಂತೂ ಲೆಕ್ಕವೇ ಇಲ್ಲ. ಆದರೆ ಒಂದು ಊರಿಗೆ ಹೋಗಿ, ಅಲ್ಲಿ ಯಾರ ಮನೆಯ ಕೆಲಸವೂ ಇಲ್ಲದೆ, ಕೈ ಬೀಸಿಕೊಂಡು ತಿರುಗಿ ಬರುವ ಸುಖ ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ತವನಪ್ಪನನ್ನು ಕೇಳಿದರೆ ಅವನ ಉತ್ತರ ಯಾವಾಗಲೂ ಒಂದೇ. "ಪಂಢರಪುರದಾಗ ಏನೈತಿರಿ?" ಎಂದರೆ, "ಸ್ಟ್ಯಾಂಡ್ ಐತಿ, ಕ್ಯಾಂಟೀನ್ ಐತಿ" ಎನ್ನುತ್ತಿದ್ದ. "ಕೊಲ್ಲಾಪುರದಾಗ?" ಎಂದರೆ, "ಅಲ್ಲೆ ಸ್ಟ್ಯಾಂಡ್ ದೊಡ್ಡದು, ಕ್ಯಾಂಟೀನ್ ಸಣ್ಣದು" ಎನ್ನುತ್ತಿದ್ದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಬಸ್ಸು ನಿಂತ ಊರುಗಳಲ್ಲೆಲ್ಲ ಅವನು ಕಂಡದ್ದು ಅಷ್ಟೇ. ರಜೆಯ ದಿನ ಬಸ್ಸು ಹತ್ತುವುದೆಂದರೆ ಅವನಿಗೆ ಮೈಮೇಲೆ ಮುಳ್ಳು ಏಳುತ್ತಿತ್ತು.

ಸಖುಬಾಯಿ ಕಾಗವಾಡದ ಹತ್ತಿರದ ಒಂದು ಹಳ್ಳಿಯ ಹುಡುಗಿ. ಹದಿನೆಂಟಕ್ಕೆ ಮದುವೆಯಾಗಿ ಮಾಲಗಾಂವಕ್ಕೆ ಬಂದವಳು ಮನೆಯೊಳಗೆ ಕನ್ನಡ, ಹೊರಗೆ ಮರಾಠಿ ಮಾತಾಡುತ್ತ, ಎರಡೂ ಬೆರೆತ ಒಂದು ಮಾತಿನಲ್ಲಿ ಎಮ್ಮೆಗಳನ್ನು ಬೈಯುತ್ತ ಅರವತ್ತೆರಡರ ಹತ್ತಿರ ಬಂದಿದ್ದಳು. ದ್ರಾಕ್ಷಿ ತೋಟದ ಕೆಲಸ, ಎರಡು ಎಮ್ಮೆ, ಬಸದಿಯ ಪೂಜೆಯ ಪಾಳಿ, ಮಗ ಸೊಸೆ ಮೊಮ್ಮಕ್ಕಳು. ಇಷ್ಟರಲ್ಲಿ ಅವಳ ದಿನಗಳು ತುಂಬಿಹೋಗುತ್ತಿದ್ದವು. ಆದರೂ ಅವಳ ಕಣ್ಣುಗಳಿಗೆ ಹೊಸದರ ಹಸಿವು ಹೋಗಿರಲಿಲ್ಲ. ಹಾದಿಯಲ್ಲಿ ಹೊಸ ನಮೂನೆಯ ಟ್ರ್ಯಾಕ್ಟರ್ ಹೋದರೂ ಕಟ್ಟೆಯ ಮೇಲೆ ನಿಂತು, ಅದು ತಿರುವು ದಾಟುವವರೆಗೆ ನೋಡುತ್ತಿದ್ದಳು.

ಇದನ್ನೆಲ್ಲ ಗಮನಿಸಿದ್ದವಳು ಸೊಸೆ ಅನುಜಾ. ಆ ವರ್ಷ ದ್ರಾಕ್ಷಿ ಕಟಾವು ಮುಗಿದ ವಾರ ಅವಳು ತನ್ನ ಮೊಬೈಲಿನಲ್ಲಿ ಏನೋ ಒತ್ತಿ, ಅತ್ತೆಯ ಮುಂದೆ ಹಿಡಿದಳು. ಮಿರಜ ಸ್ಟೇಶನ್ನಿನಿಂದ ಹೊರಟು, ಒಂದೇ ದಿನದಲ್ಲಿ ಇತಿಹಾಸದ ಸ್ಥಳಗಳನ್ನೂ ಹಳ್ಳಿಯ ಬದುಕನ್ನೂ ತೋರಿಸುವ ಟೂರು ಅದು. ಗೈಡ್ ಇರುತ್ತಾನೆ, ಊಟ ಚಹಾ ಎಲ್ಲ ಅವರದೇ.

"ಆಯಿ, ಇಬ್ಬರ ಹೆಸರೂ ಹಚ್ಚೇನಿ. ಆತಾ ಇಲ್ಲ ಅನಬ್ಯಾಡ್ರಿ" ಎಂದಳು ಅನುಜಾ, ತನ್ನ ಅರೆ ಮರಾಠಿ ಅರೆ ಕನ್ನಡದಲ್ಲಿ.

ತವನಪ್ಪ ತಕರಾರು ತೆಗೆದ. "ನಾಲ್ಕು ದಿಕ್ಕಿಗೂ ನಾ ನೋಡಿದ್ದ ಊರು. ಮತ್ತ ಬಸ್ಸಿನಾಗ ಕುಂದ್ರು ಅಂತೀರಲ್ಲ, ಜೇಲಿನಿಂದ ಬಿಟ್ಟವನ್ನ ಜೇಲು ನೋಡಾಕ ಕರಕೊಂಡ ಹೋದಂಗ ಆತು."

"ನೀವು ಬರದಿದ್ರ ನಾ ಒಬ್ಬಾಕಿ ಹೋಗ್ತೇನಿ" ಎಂದಳು ಸಖುಬಾಯಿ. ಹಾಗೆ ಅವಳು ಮೊದಲು ಎಂದೂ ಅಂದಿರಲಿಲ್ಲ. ತವನಪ್ಪ ಕೂಡಲೇ ಇಸ್ತ್ರಿ ಮಾಡಿದ ಅಂಗಿ ಹುಡುಕತೊಡಗಿದ.

ಏಳು ಗಂಟೆಗೆ ಎಂದಿದ್ದ ಬಸ್ಸು ಎಂಟಕ್ಕೆ ಬಂತು. ಒಳಗೆ ಹದಿನೆಂಟು ಜನ. ಪುಣೆಯಿಂದ ಬಂದ ಎರಡು ಕುಟುಂಬಗಳು, ಹೊಸದಾಗಿ ಮದುವೆಯಾದ ಒಂದು ಜೋಡಿ, ಬುಧಗಾಂವದ ರಂಜನಾ ಎಂಬ ನಿವೃತ್ತ ಶಾಲಾ ಶಿಕ್ಷಕಿ, ಇನ್ನು ಯಾರಯಾರೋ. ಗೈಡ್ ಅಮಿತ ಇಪ್ಪತ್ತಾರು ವರ್ಷದ ತೆಳ್ಳಗಿನ ಹುಡುಗ. ಕೈಯಲ್ಲಿ ಮೈಕು, ಕೊರಳಲ್ಲಿ ಗುರುತಿನ ಚೀಟಿ. ಅವನು ಮರಾಠಿಯಲ್ಲಿ ಎಲ್ಲರಿಗೂ ಸ್ವಾಗತ ಹೇಳಿ, ಮೈಕು ಕೈಕೊಟ್ಟಿದ್ದರಿಂದ ಅದನ್ನೇ ಮತ್ತೊಮ್ಮೆ ಕೂಗಿ ಹೇಳಿದ.

ಸಖುಬಾಯಿ ಕಿಟಕಿಯ ಪಕ್ಕ ಕುಳಿತು ಸೀರೆಯ ಸೆರಗು ಸರಿಮಾಡಿಕೊಂಡಳು. ಅವಳಿಗೆ ಬಸ್ಸಿನ ಪರದೆ ಕೂಡ ಚೆಂದ ಕಂಡಿತು.

ಮೊದಲು ಸಾಂಗಲಿಯ ಗಣಪತಿ. ಆದರೆ ಆವತ್ತು ಸಂಕಷ್ಟಿ. ದರ್ಶನದ ಸಾಲು ಬೀದಿಯವರೆಗೆ ಬಂದಿತ್ತು. ಟೂರಿನ ದಿನ ಗೊತ್ತು ಮಾಡಿದವರು ಪಂಚಾಂಗ ನೋಡಿರಲಿಲ್ಲ. ಅಮಿತ ಗಡಿಯಾರ ನೋಡಿಕೊಂಡು, "ಹದಿನೈದು ನಿಮಿಷ ಅದ, ಇಲ್ಲಿಂದಲೇ ಕೈ ಮುಗೀರಿ" ಎಂದು ಮರಾಠಿಯಲ್ಲಿ ಹೇಳಿದ. ಎಲ್ಲರೂ ಮಹಾದ್ವಾರದ ಹೊರಗೆ ನಿಂತು ಕೈ ಮುಗಿದರು. ಸಖುಬಾಯಿಗೆ ಕಂಡದ್ದು ಮುಂದೆ ನಿಂತವನ ಬೆನ್ನಿಗಿದ್ದ ಚೀಲ. ಆಮೇಲೆ ಕೃಷ್ಣೆಯ ಮೇಲಿನ ಐರ್ವಿನ್ ಸೇತುವೆ. ಬಸ್ಸು ನಿಲ್ಲಿಸಲು ಜಾಗ ಸಿಗದೆ, ಸೇತುವೆ ದಾಟಿ ಹೋಗಿ, ತಿರುಗಿಸಿಕೊಂಡು ಮತ್ತೆ ದಾಟಿದರು. ಅಮಿತ "ಎಡಕ್ಕೆ ನದಿ" ಎಂದ. ಮರಳಿ ಬರುವಾಗ "ಬಲಕ್ಕೆ ನದಿ" ಎಂದ.

"ಈ ಹುಡುಗಗ ಇಷ್ಟರ ಗೊತ್ತೈತಲ್ಲ, ಪುಣ್ಯಾ" ಎಂದ ತವನಪ್ಪ ಕನ್ನಡದಲ್ಲಿ.

"ಸುಮ್ಮನಿರ್ರಿ. ಪಾಪ, ಹೊಸಬ ಇರಬೇಕು. ಮೂಗು ನೋಡ್ರಿ, ಥೇಟ್ ಬಿಕನೇರ್ ಮಿಠಾಯಿ ಅಂಗಡಿಯವನ ಮೂಗು" ಎಂದು ಸಖುಬಾಯಿ ನಕ್ಕಳು. ಸುತ್ತ ಇದ್ದವರೆಲ್ಲ ಮರಾಠಿಯವರು ಎಂಬ ಧೈರ್ಯದಲ್ಲಿ ಗಂಡ ಹೆಂಡತಿ ಬೆಳಗಿನಿಂದ ಬಾಯಿಗೆ ಬಂದದ್ದನ್ನು ಮಾತಾಡುತ್ತಲೇ ಬಂದಿದ್ದರು.

ಮಿರಜಿಗೆ ಬಂದು ಕೋಟೆ ನೋಡಿದರು. ನೋಡಿದರು ಎಂದರೆ, ಕೋಟೆಯಿದ್ದ ಜಾಗದಲ್ಲಿ ಉಳಿದ ಒಂದಷ್ಟು ಕಲ್ಲುಗಳನ್ನೂ ಅದರ ಮುಂದೆ ನಿಂತ ರಿಕ್ಷಾಗಳನ್ನೂ ನೋಡಿದರು. ಸಿತಾರು ತಂಬೂರಿ ಮಾಡುವವರ ಗಲ್ಲಿಗೆ ಹೋದರೆ ಆ ಗಲ್ಲಿಯವರದೇ ಒಂದು ಮದುವೆ. ಅಂಗಡಿಗಳೆಲ್ಲ ಮುಚ್ಚಿ, ಒಣಗಲು ತೂಗುಹಾಕಿದ್ದ ದೊಡ್ಡ ದೊಡ್ಡ ಸೋರೆಬುರುಡೆಗಳು ಮಾತ್ರ ಬಿಸಿಲಲ್ಲಿ ನೇತಾಡುತ್ತಿದ್ದವು. ಆ ಬುರುಡೆಗಳು ಎಲ್ಲಿಂದ ಬರುತ್ತವೆ ಎಂದು ಸಖುಬಾಯಿ ಕೇಳಿದಳು. ಅಮಿತ ಕೈಯಲ್ಲಿದ್ದ ಪುಸ್ತಿಕೆಯನ್ನು ತಿರುವಿ, ಅದರಲ್ಲಿ ಬರೆದಿಲ್ಲ ಎಂದ.

ಅಲ್ಲಿಂದ ಒಬ್ಬ ಸರದಾರರ ಹಳೆಯ ವಾಡೆ. ಬಾಗಿಲಿಗೆ ಅಂಗೈಯಗಲದ ಬೀಗ. ಕೀಲಿ ಇದ್ದವನು ಕೊಲ್ಲಾಪುರಕ್ಕೆ ಹೋಗಿದ್ದ. ಪುಣೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಸ ಜೋಡಿ ಬಾಗಿಲಿನ ಮುಂದೆಯೇ ನಿಂತು ಫೋಟೋ ತೆಗೆಸಿಕೊಂಡಿತು. ಸಖುಬಾಯಿ ಬಾಗಿಲಿನ ಬಿರುಕಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದಳು.

"ಏನ ಕಾಣಸ್ತು?" ಎಂದು ಶಿಕ್ಷಕಿ ರಂಜನಾ ಮರಾಠಿಯಲ್ಲಿ ಕೇಳಿದಳು.

"ಒಂದು ಜೋಕಾಲಿ ಐತಿ. ಅದರ ಮ್ಯಾಲೆ ಬೆಕ್ಕು ಮಲಗೈತಿ. ದೊಡ್ಡಸ್ತಿಕಿ ಅಂದ್ರ ಅದರದು!"

ರಂಜನಾಳಿಗೂ ನೋಡಬೇಕೆನ್ನಿಸಿತು. ಒಬ್ಬರಾದ ಮೇಲೆ ಒಬ್ಬರು, ಕೊನೆಗೆ ಪುಣೆಯವರಲ್ಲಿ ಒಬ್ಬನಾದ ಇಂಜಿನಿಯರೂ ಬಿರುಕಿಗೆ ಕಣ್ಣಿಟ್ಟು ಬೆಕ್ಕನ್ನು ನೋಡಿ ಬಂದ.

ಬಸ್ಸು ಮತ್ತೆ ಹೊರಟಾಗ ಹನ್ನೆರಡೂವರೆ. ಇನ್ನು ಹಳ್ಳಿಯ ಬದುಕು ನೋಡುವುದು. ಬಸ್ಸು ಮಿರಜ ದಾಟಿ ಪೂರ್ವಕ್ಕೆ ತಿರುಗಿತು. ಸಖುಬಾಯಿಗೆ ಹಾದಿಯ ಮರಗಳು ಒಂದೊಂದಾಗಿ ಗುರುತು ಸಿಗತೊಡಗಿದವು. ಅವಳು ತವನಪ್ಪನ ಮುಖ ನೋಡಿದಳು. ತವನಪ್ಪ ಕಣ್ಣು ಮುಚ್ಚಿಕೊಂಡೇ, ತಮ್ಮೂರಿಗೆ ತಿರುಗುವ ಕಡೆ ಬಂದದ್ದು ತಿಳಿದು, "ಮಾಲಗಾಂವ ಫಾಟಾ ಬಂತು" ಎಂದ.

ಅಮಿತ ಎದ್ದು ನಿಂತು ಹೇಳಿದ: "ಎಡಕ್ಕೆ ನೋಡಿ. ದ್ರಾಕ್ಷಿ ಬೆಳೆಯುವ ಸಂಪನ್ನ ಹಳ್ಳಿ ಮಾಲಗಾಂವ. ಇಲ್ಲಿನ ಹೆಣ್ಣುಮಕ್ಕಳು ಇಂದಿಗೂ ಅಂಗಳದಲ್ಲಿ ಹಪ್ಪಳ ಸಂಡಿಗೆ ಒಣಗಿಸುತ್ತಾರೆ."

ಡ್ರೈವರ್ ಬಸ್ಸನ್ನು ನಿಧಾನ ಮಾಡಿದ. ಪುಣೆಯವರು ಮೊಬೈಲು ಎತ್ತಿದರು.

"ಅಯ್ಯ ನಮ್ಮವ್ವ! ಅನುಜಾ ಸಂಡಿಗಿ ಒಳಗ ತಗೊಂಡೇ ಇಲ್ಲಲ್ಲ! ಕಾಗಿ ಕುಂತಾವ ನೋಡ್ರಿ!" ಎಂದು ಸಖುಬಾಯಿ ಕಿಟಕಿಯಿಂದ ಅರ್ಧ ಹೊರಗೆ ಬಾಗಿದಳು. "ಹುಶ್! ಹುಶ್!" ಎಂದು ಕೈ ಬೀಸಿದಳು. ಕಾಗೆಗಳು ಹಾರಲಿಲ್ಲ. ಬಸ್ಸಿನಲ್ಲಿದ್ದವರಿಗೆ ಆಗ ಗೊತ್ತಾಯಿತು, ತಾವು ಫೋಟೋ ತೆಗೆದದ್ದು ಈ ಅಜ್ಜಿಯ ಮನೆಯೆಂದು. ಹಗ್ಗದ ಮೇಲಿನ ಹಸಿರು ಸೀರೆ ಅವಳದು, ಲುಂಗಿ ಈ ಅಜ್ಜನದು. ಎಲ್ಲರೂ ಒಮ್ಮೆಗೇ ನಕ್ಕರು. ತಮ್ಮ ಮನೆಯನ್ನು ತಾವೇ ಟೂರಿಗೆ ಬಂದು ನೋಡಿದಂತಾಯಿತಲ್ಲ ಎಂದು ಸಖುಬಾಯಿಯೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ನಗು ಮುಗಿದ ಮೇಲೆ ತವನಪ್ಪ ಬಾಯಿ ಬಿಟ್ಟ. "ಈ ಹುಡುಗ ಮುಂದ ನಮ್ಮ ಎಮ್ಮಿನೂ ತೋರಸ್ಯಾನು. ಇವನ್ನ ಗೈಡ್ ಮಾಡಿದವರ ಯಾರೋ! ಬಾಯಿಪಾಠ ಮಾಡಿದ್ದ ಬಿಟ್ಟರ ಒಂದಕ್ಷರ ತಿಳಿಯಂಗಿಲ್ಲ."

ಅಮಿತ ಅವರ ಸೀಟಿನ ಹತ್ತಿರ ಬಂದು, ಮೈಕು ಕೆಳಗಿಟ್ಟು, ಮೆಲ್ಲನೆ ಹೇಳಿದ: "ಕಾಕಾ, ನಂಗ ಕನ್ನಡ ತಿಳೀತೈತಿ."

ತವನಪ್ಪ ಬಗ್ಗಿ ಚಪ್ಪಲಿಯ ಪಟ್ಟಿ ಬಿಗಿಮಾಡತೊಡಗಿದ.

"ಮಾತಾಡಾಕ ಅಷ್ಟ ಬರಂಗಿಲ್ಲರಿ. ನಮ್ಮ ಆಯಿ ಖಂಡೇರಾಜುರಿಯಾಕಿ. ಮನ್ಯಾಗ ಕನ್ನಡದಾಗ ಬೈತಾಳ."

"ಮತ್ತ ಬೆಳಗಿನಿಂದ..." ಎಂದಳು ಸಖುಬಾಯಿ.

"ಎಲ್ಲಾ ಕೇಳೇನ್ರಿ ಮಾವಶಿ. ಮೂಗಿಂದೂ ಕೇಳೇನಿ."

ಸಖುಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೆ ಹುಡುಗನ ಮುಖದಲ್ಲಿ ಸಿಟ್ಟಿರಲಿಲ್ಲ. ಗೈಡ್ ಆಗಿ ಇದು ತನಗೆ ನಾಲ್ಕನೆಯ ದಿನ, ಕಂಪನಿಯವರು ಕೊಟ್ಟ ಪುಸ್ತಿಕೆಯಲ್ಲಿ ಇದ್ದದ್ದಷ್ಟೇ ತನಗೆ ಗೊತ್ತು ಎಂದು ಅವನು ಒಪ್ಪಿಕೊಂಡ. ಸಖುಬಾಯಿ ಚೀಲದಿಂದ ಒಂದು ಮುಷ್ಟಿ ಒಣದ್ರಾಕ್ಷಿ ತೆಗೆದು ಅವನ ಕೈಗೆ ಹಾಕಿದಳು. "ತಿನ್ನಪಾ. ಮೂಗು ಛಲೋ ಐತಿ ನಿಂದು. ನಾ ಹಂಗ ಚ್ಯಾಷ್ಟಿ ಮಾಡಿದ್ದು" ಎಂದಳು.

ಹಳ್ಳಿಯ ಬದುಕು ಇದ್ದದ್ದು ದಂಡೋಬಾ ಗುಡ್ಡದ ಕಡೆಗೆ ಹೋಗುವ ಹಾದಿಯಲ್ಲಿ, ತಂತಿಬೇಲಿ ಹಾಕಿದ ಒಂದು ಹೊಲದಲ್ಲಿ. ಸಾಂಗಲಿಯಲ್ಲಿ ಸಿಮೆಂಟಿನ ವ್ಯಾಪಾರ ಮಾಡುವ ಬಾಬುರಾವ ಎಂಬವರು ಕಟ್ಟಿಸಿದ ಪ್ರವಾಸಿ ತಾಣ ಅದು. ಬಾಗಿಲಲ್ಲಿ ಸಿಮೆಂಟಿನ ಜೋಡಿ ಎತ್ತು, ಸಿಮೆಂಟಿನ ಬಾವಿ, ಬಾವಿಯೊಳಗೆ ನೀಲಿ ಬಣ್ಣ. ಬಾಬುರಾವ ಧೋತರ ಉಟ್ಟು, ತಲೆಗೆ ಕೆಂಪು ಪಟಕಾ ಸುತ್ತಿ, ಕಾಲಿಗೆ ಓಡುವ ಬೂಟು ಹಾಕಿಕೊಂಡು ಎಲ್ಲರ ಹಣೆಗೂ ಕುಂಕುಮ ಹಚ್ಚಿದರು. ಮಾತಿಗೆ ಒಳ್ಳೆಯವರು. ಊಟ ಮಾತ್ರ ಸಖುಬಾಯಿಗೆ ಆಗಿಬರಲಿಲ್ಲ. ಬೆಳ್ಳುಳ್ಳಿ ಚಟ್ನಿ, ಬಟಾಟೆ ಪಲ್ಯ, ಉಳ್ಳಾಗಡ್ಡಿ ಭಜಿ. ಜೈನರಾದ ಅವರಿಬ್ಬರೂ ಇವನ್ನು ಮುಟ್ಟುವವರಲ್ಲ. ರೊಟ್ಟಿ, ಮೊಸರು, ಬೆಲ್ಲ ತಿಂದು ಎದ್ದರು. ರೊಟ್ಟಿ ಮುರಿಯಲು ತವನಪ್ಪ ಎರಡೂ ಕೈ ಹಚ್ಚಬೇಕಾಯಿತು.

ಊಟವಾದ ಮೇಲೆ ಅಮಿತ ಎಲ್ಲರನ್ನೂ "ಹಳೆಯ ಕಾಲದ ಮನೆ" ಎಂಬ ಹೆಂಚಿನ ಕಟ್ಟಡಕ್ಕೆ ಕರೆದೊಯ್ದ. ಒಳಗೆ ಕುಂಟೆ, ಕೂರಿಗೆ, ಬೀಸುವ ಕಲ್ಲು, ಮೊರ, ಸೇರು, ಪಾವು. ಎಲ್ಲದರ ಮುಂದೆಯೂ ಒಂದೊಂದು ಫಲಕ. ಸಖುಬಾಯಿ ಮೊರದ ಮುಂದೆ ನಿಂತು, ಇದರ ತುದಿ ಸವೆದಿದೆ, ಕೇರಲು ಬರುವುದಿಲ್ಲ ಎಂದು ರಂಜನಾಳಿಗೆ ತೋರಿಸುತ್ತಿದ್ದಳು. ಆಗ ತವನಪ್ಪ ಅವಳ ಮೊಣಕೈ ಹಿಡಿದ.

"ಸಖೂ, ಹೊರಗ ಎಮ್ಮಿ ಐತಂತ. ನೋಡೂಣು ಬಾ."

ಸಖುಬಾಯಿಗೆ ಆಶ್ಚರ್ಯವಾಯಿತು. ಬೆಳಗಿನಿಂದ ಈ ಮನುಷ್ಯ ಏನನ್ನೂ ನೋಡೋಣವೆಂದು ಅಂದಿರಲಿಲ್ಲ. "ಎಮ್ಮಿ? ಮನ್ಯಾಗ ಎರಡು ಅವಲ್ಲ."

"ಇದು ಬ್ಯಾರೆ ನಮೂನಿ ಎಮ್ಮಿ. ಕೋಡು ಭಾಳ ಛಲೋ ಅದಾವಂತ."

"ಆಮ್ಯಾಲೆ ನೋಡಿದ್ರಾತು, ಓಡಿ ಹೋಗತೈತೇನ?"

ಅಷ್ಟರಲ್ಲಿ ಅಮಿತ ಒಳಗಿನ ಮೂಲೆಯಲ್ಲಿ ನಿಂತು ಪುಸ್ತಿಕೆ ತೆರೆದು ಓದತೊಡಗಿದ. "ಇದು ಇಲ್ಲಿನ ಅತ್ಯಂತ ಅಮೂಲ್ಯ ವಸ್ತು. ಸರದಾರರ ಖಜಾನೆಯ ಪೆಟ್ಟಿಗೆ. ಇನ್ನೂರೈವತ್ತು ವರ್ಷ ಹಳೆಯದು. ಯುದ್ಧಕ್ಕೆ ಹೋಗುವಾಗ ಇದರಲ್ಲಿ ಬಂಗಾರದ ಮೊಹರುಗಳನ್ನು ಒಯ್ಯುತ್ತಿದ್ದರು. ಇದರ ರಹಸ್ಯ ಬೀಗವನ್ನು ಇವತ್ತಿನವರೆಗೂ ಯಾರಿಂದಲೂ ತೆರೆಯಲು ಆಗಿಲ್ಲ."

ಸಖುಬಾಯಿ ತಿರುಗಿ ನೋಡಿದಳು. ಸಾಗವಾನಿಯ ದೊಡ್ಡ ಪೆಟ್ಟಿಗೆ. ಹಿತ್ತಾಳೆಯ ಗುಬ್ಬಿಮೊಳೆಗಳು. ನಾಲ್ಕು ಗಾಲಿ. ಮೂರು ಕಟ್ಟಿಗೆಯವು, ಒಂದು ಕಬ್ಬಿಣದ್ದು. ಆ ಕಬ್ಬಿಣದ ಗಾಲಿಯ ಮೇಲೆ ಅವಳ ಕಣ್ಣು ನಿಂತುಬಿಟ್ಟಿತು. ಆಮೇಲೆ ಅವಳು ಗಂಡನನ್ನು ನೋಡಿದಳು. ತವನಪ್ಪ ಗೋಡೆಯ ಮೇಲಿನ ಮೊರವನ್ನು ಬಹಳ ಭಕ್ತಿಯಿಂದ ನೋಡುತ್ತಿದ್ದ.

ಅದು ಅವಳ ಅತ್ತೆ ಮಾಯವ್ವನ ಪೆಟ್ಟಿಗೆ. ಮುರಿದ ಒಂದು ಗಾಲಿಯ ಬದಲು ಊರಲ್ಲೇ ಕಬ್ಬಿಣದ್ದನ್ನು ಹಾಕಿಸಿದ್ದರು. ಬೆಲ್ಲ, ಶೇಂಗಾ, ಹಬ್ಬದ ಉಂಡೆ, ಎಲ್ಲ ಅದರೊಳಗೆ. ಮಾಯವ್ವ ಅದರ ಮೇಲೆಯೇ ಹಾಸಿಕೊಂಡು ಮಲಗುತ್ತಿದ್ದಳು. ಕೀಲಿ ಅವಳ ಸೊಂಟದಲ್ಲಿ. ಹನ್ನೊಂದು ವರ್ಷ ಸಖುಬಾಯಿ ಒಂದು ಚೂರು ಬೆಲ್ಲಕ್ಕೂ ಅತ್ತೆಯನ್ನು ಎಬ್ಬಿಸಿ ಕೇಳಬೇಕಿತ್ತು. ಅತ್ತೆ ತೀರಿಕೊಂಡ ಮೇಲೆ ಕೀಲಿಯೂ ಕಳೆಯಿತು, ಬೀಗವೂ ಕೆಟ್ಟಿತು. ಆರು ವರ್ಷದ ಹಿಂದೆ ಅವಳು ಮಗಳ ಬಾಣಂತನಕ್ಕೆಂದು ಇಚಲಕರಂಜಿಗೆ ಹೋಗಿ ಬರುವಷ್ಟರಲ್ಲಿ ಮನೆಯ ನೆಲಕ್ಕೆ ಹೊಸ ಫರಸಿ ಕಲ್ಲು ಹಾಕಿಸಿದ್ದ ತವನಪ್ಪ, ಪೆಟ್ಟಿಗೆಯನ್ನು ಗೆದ್ದಲು ತಿಂದಿತ್ತು, ಒಡೆದು ನೀರೊಲೆಗೆ ಹಾಕಿದೆ ಎಂದಿದ್ದ.

ಸಖುಬಾಯಿ ಜನರ ನಡುವೆ ಹಾದು ಪೆಟ್ಟಿಗೆಯ ಹತ್ತಿರ ಹೋದಳು. "ಮಾವಶಿ, ಮುಟ್ಟಬ್ಯಾಡ್ರಿ" ಎಂದ ಅಮಿತ. ಅವಳು ಕೇಳಲಿಲ್ಲ. ಕೀಲಿ ಕಳೆದ ಮೇಲೆ ಮನೆಯಲ್ಲಿ ಮಾಡುತ್ತಿದ್ದ ಹಾಗೆಯೇ, ಎಡಗೈಯಿಂದ ಮುಚ್ಚಳದ ಎಡ ಮೂಲೆಯನ್ನು ಒತ್ತಿ ಹಿಡಿದು, ಬಲ ಅಂಗೈಯಿಂದ ನಡುಮಧ್ಯೆ ಧಪ್ಪೆಂದು ಒಂದು ಏಟು ಹಾಕಿದಳು. ಇನ್ನೂರೈವತ್ತು ವರ್ಷದ ರಹಸ್ಯ ಬೀಗ ಟಕ್ಕೆಂದಿತು. ಅವಳು ಮುಚ್ಚಳ ಎತ್ತಿದಳು.

ಒಳಗಿಂದ ಹಳೆಯ ಬೆಲ್ಲದ ವಾಸನೆ ಬಂತು. ಮುಚ್ಚಳದ ಒಳಮೈಗೆ ಸಾಲಾಗಿ, ಗಂಜಿ ಹಚ್ಚಿ ಅಂಟಿಸಿದ ಎಸ್‌.ಟಿ. ಬಸ್ಸಿನ ಟಿಕೆಟುಗಳು. ಬಿಳಿ, ಗುಲಾಬಿ, ಹಳದಿ, ಹಸಿರು.

ಎಲ್ಲರೂ ಬಾಗಿ ನೋಡಿದರು. ಆಮೇಲೆ ಪುಣೆಯ ಇಂಜಿನಿಯರ್, "ಸರದಾರರು ಯುದ್ಧಕ್ಕೆ ಎಸ್‌.ಟಿ.ಯಲ್ಲಿ ಹೋಗುತ್ತಿದ್ದರೇನು?" ಎಂದ. ಇಡೀ ಮನೆ ನಗುವಿನಿಂದ ತುಂಬಿಹೋಯಿತು.

ಸಖುಬಾಯಿ ನಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಗಂಡನ ಕಡೆ ತಿರುಗಿದಳು.

"ಗೆದ್ದಲ ತಿಂದಿತ್ತು ಅಂದ್ರಿ."

"ಒಂದ ಕಡೆ ತಿಂದಿತ್ತು" ಎಂದ ತವನಪ್ಪ.

"ನೀರೊಲಿಗೆ ಹಾಕೀನಿ ಅಂದ್ರಿ. ಬೂದಿ ತೋರಿಸಿದ್ರಿ! ಅತ್ತಿ ಪೆಟಗಿ ಬೂದಿ ಅಂತ ನಾ ಕೈ ಮುಗಿದು, ತಿಂಗಳಗಟ್ಟಲೆ ಅದರಲೆ ಭಾಂಡಿ ತಿಕ್ಕೇನಿ! ಅದ್ಯಾತರ ಬೂದಿ?"

"ತೊಗರಿ ಕಟಗಿದು."

ಈ ಮಾತುಗಳನ್ನೆಲ್ಲ ಅಮಿತ ಒಂದೂ ಬಿಡದೆ ಮರಾಠಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದ. ಬೆಳಗಿನಿಂದ ಮೊದಲ ಸಲ ಅವನ ಪುಸ್ತಿಕೆ ಮುಚ್ಚಿತ್ತು, ಜನ ಅವನ ಸುತ್ತ ಮುತ್ತಿದ್ದರು.

"ಮಾರಿದ ರೊಕ್ಕ ಏನ ಮಾಡಿದ್ರಿ?"

ತವನಪ್ಪ ತಲೆ ತಗ್ಗಿಸಿದ. "ನಿನಗ ಮಿಕ್ಸರ್ ತಂದೆ."

ಸಖುಬಾಯಿಯ ಕೈ ಸೊಂಟದಿಂದ ಕೆಳಗಿಳಿಯಿತು. ಆ ಮಿಕ್ಸರನ್ನು ಅವಳು ಓಣಿಗೆಲ್ಲ ತೋರಿಸಿ ಬಂದಿದ್ದಳು. ಕೇಳದೇನೇ ನನ್ನ ಗಂಡ ತಂದುಕೊಟ್ಟ ಮೊದಲ ವಸ್ತು ಎಂದು ಬಸದಿಯಲ್ಲಿಯೂ ಹೇಳಿಕೊಂಡಿದ್ದಳು. ಮುಂಜಾನೆ ಕೂಡ ಅದರಲ್ಲೇ ಶೇಂಗಾ ಚಟ್ನಿ ಮಾಡಿ ಇಟ್ಟು ಬಂದಿದ್ದಳು. ಸಿಟ್ಟು ಇನ್ನೂ ಇತ್ತು, ಆದರೆ ಅದಕ್ಕೆ ನಿಲ್ಲಲು ಜಾಗ ಸಿಗಲಿಲ್ಲ.

"ಹೇಳಿ ಮಾರಬೇಕಿತ್ತಿಲ್ಲ?" ಎಂದಳು, ದನಿ ಇಳಿಸಿ.

"ಹೇಳಿದ್ರ ನೀ ಮಾರಗೊಡ್ತಿದ್ದೇನ?"

ಅವಳು ಮುಚ್ಚಳದ ಧೂಳನ್ನು ಸೆರಗಿನಿಂದ ಒರೆಸಿದಳು.

ರಂಜನಾ ಕನ್ನಡಕ ಏರಿಸಿ ಮುಚ್ಚಳದ ಟಿಕೆಟುಗಳನ್ನು ಓದುತ್ತಿದ್ದಳು. "ವೈನಿ, ಇವು ಇದರಾಗ ಹೆಂಗ ಬಂದವು?" ಎಂದು ಕೇಳಿದಳು. ಸಖುಬಾಯಿ ಹೇಳಿದಳು: ಪ್ರಯಾಣಿಕರು ಬಸ್ಸಿನಲ್ಲಿ ಎಸೆದು ಹೋದ ಟಿಕೆಟುಗಳನ್ನು ತವನಪ್ಪ ದಿನಾ ಸಂಜೆ ಜೇಬಿನಲ್ಲಿ ಹಾಕಿಕೊಂಡು ಬರುತ್ತಿದ್ದ. ಮಕ್ಕಳಿಗೆ ಬೇರೆ ಆಟಿಕೆ ತರುವುದು ಆಗುತ್ತಿರಲಿಲ್ಲ. ಮಗ ಸಂಮೇದ ಅವನ್ನು ಬಣ್ಣದ ಮೇಲೆ ಜೋಡಿಸಿ, ಅಜ್ಜಿ ಕೀಲಿಯನ್ನು ಮನೆಯಲ್ಲೇ ಮರೆತು ಬಸದಿಗೆ ಹೋದಾಗ ಮುಚ್ಚಳದ ಒಳಗೆ ಅಂಟಿಸುತ್ತಿದ್ದ. ಮಾಯವ್ವ ಒಂದು ದಿನ ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡರೆ, "ಈ ಹಸಿರು ಎಲ್ಲಿದು?" ಎಂದು ಕೇಳಿ, ಅವತ್ತಿನಿಂದ ತಾನೇ ಗಂಜಿ ಕಾಯಿಸಿ ಕೊಡತೊಡಗಿದಳು.

"ಆ ಹಸಿರು ಜತ್ತಿಂದು" ಎಂದ ತವನಪ್ಪ. ಬೆಳಗಿನಿಂದ ಮುದುಡಿ ಕುಳಿತಿದ್ದ ಅವನ ಬೆನ್ನು ನೆಟ್ಟಗಾಯಿತು. ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಬೆರಳಿಟ್ಟು ತೋರಿಸತೊಡಗಿದ. ಈ ತೂತು ಇಲ್ಲಿ ಬಿದ್ದರೆ ಇಂಥ ಸ್ಟಾಪು, ಅಲ್ಲಿ ಬಿದ್ದರೆ ಇಂಥದ್ದು. ಇದು ಅರ್ಧ ಟಿಕೆಟು. ಇದು ಕುರಿಮರಿ ಹೊತ್ತುಕೊಂಡು ಹತ್ತಿದವರದು. ಒಂದು ಸಲ ಖಂಡೇರಾಜುರಿಯ ಅಮಸಿದ್ದ ಎಂಬ ಕುರುಬ ಮರಿಯನ್ನು ಕಂಬಳಿಯೊಳಗೆ ಬಚ್ಚಿಟ್ಟುಕೊಂಡು ಕುಳಿತಿದ್ದನಂತೆ. ಟಿಕೆಟು ಕೇಳಿದಾಗ ಮರಿಯೇ "ಬ್ಯಾ" ಎಂದು ಉತ್ತರ ಕೊಟ್ಟಿತಂತೆ. ರಂಜನಾ ಬುಧಗಾಂವದ ಒಂದು ಗುಲಾಬಿ ಟಿಕೆಟು ಹುಡುಕಿ ತೆಗೆದಳು. ತಾನು ಮಿರಜಿನ ಶಾಲೆಗೆ ಹತ್ತೊಂಬತ್ತು ವರ್ಷ ಹೋಗಿ ಬಂದ ಟಿಕೆಟು ಇದೇ, ಎಸೆದವಳು ತಾನೇ ಇದ್ದರೂ ಇರಬಹುದು ಎಂದಳು. ಪುಣೆಯ ಮಕ್ಕಳು ಒಳಗೆ ತಲೆ ಹಾಕಿ ಬೆಲ್ಲದ ವಾಸನೆ ನೋಡಿದರು. ಮೂರು ಗಂಟೆಗೆ ಹೊರಡಬೇಕಾಗಿದ್ದ ಬಸ್ಸು ನಾಲ್ಕೂವರೆಯಾದರೂ ನಿಂತೇ ಇತ್ತು. ಯಾರೂ ಗಡಿಯಾರ ನೋಡಲಿಲ್ಲ.

ಬಾಬುರಾವ ಮಾತ್ರ ಬಾಗಿಲಲ್ಲಿ ಪಟಕಾ ಕೈಯಲ್ಲಿ ಹಿಡಿದು ನಿಂತಿದ್ದರು. ಗುಜರಿಯವನು ತನಗೆ ಸರದಾರರದೆಂದೇ ಹೇಳಿ ಕೊಟ್ಟಿದ್ದ, ತಾನು ನಂಬಿದ್ದೆ ಎಂದರು. "ತಾಯಿ, ನಿಮ್ಮ ವಸ್ತು ನಿಮಗ. ನಾಳೆ ಟೆಂಪೋದಾಗ ಕಳಸ್ತೇನಿ" ಎಂದು ಮರಾಠಿಯಲ್ಲಿ ಕೈ ಮುಗಿದರು.

ತವನಪ್ಪ ಆಸೆಯಿಂದ ಹೆಂಡತಿಯ ಮುಖ ನೋಡಿದ. ಸಖುಬಾಯಿ ಪೆಟ್ಟಿಗೆಯ ಅಂಚಿನ ಮೇಲೆ ಕೈಯಾಡಿಸಿದಳು. ಅತ್ತೆ ಮಲಗಿ ಮಲಗಿ ನುಣುಪಾದ ಜಾಗ ಅದು. ಮನೆಗೆ ಒಯ್ದರೆ ಎಲ್ಲಿಡುವುದು? ಕೊಟ್ಟಿಗೆಯಲ್ಲಿ ಇಟ್ಟರೆ ಈ ಸಲ ಗೆದ್ದಲು ನಿಜವಾಗಿಯೇ ತಿನ್ನುತ್ತದೆ. ಇಲ್ಲಿ ಬಂದವರು ನೋಡುತ್ತಾರೆ. ಮಾಯವ್ವನಿಗೆ ಬೇಕಾಗಿದ್ದದ್ದೂ ಅದೇ. ಬಂದವರೆಲ್ಲ ತನ್ನ ಪೆಟ್ಟಿಗೆ ನೋಡಬೇಕು, ಯಾರೂ ಒಳಗೆ ಕೈ ಹಾಕಬಾರದು.

"ಬ್ಯಾಡ್ರಿ. ಇಲ್ಲೇ ಇರ್ಲಿ" ಎಂದಳು. "ಆದ್ರ ಆ ಸರದಾರನ್ನ ತಗೀರಿ. ನಮ್ಮ ಅತ್ತಿ ಹೆಸರು ಬರೀರಿ. ಮಾಲಗಾಂವದ ಮಾಯವ್ವ, ಬೆಲ್ಲದ ಪೆಟಗಿ. ಮುಚ್ಚಳ ತೆರೆದ ಇಡ್ರಿ, ಮಂದಿ ಟಿಕೆಟ್ ನೋಡ್ಲಿ. ಮತ್ತ..." ಎಂದು ಪೆಟ್ಟಿಗೆಯೊಳಗೆ ಬೆರಳು ತೋರಿಸಿ, "ಒಳಗ ಒಂದು ಹೆಂಟಿ ಬೆಲ್ಲ ಇಡ್ರಿ. ಸಣ್ಣ ಹುಡುಗೂರು ಬಂದ್ರ ಕೇಳಲಾರದ ತಗೊಂಡ ತಿನ್ಲಿ" ಎಂದಳು.

ಬಾಬುರಾವ ಆಗಲಿ ಎಂದರು. ಅಡಿಗೆಮನೆಯಿಂದ ಬೆಲ್ಲ ತರಿಸಿ ಆಗಲೇ ಇಡಿಸಿದರು. ಸಖುಬಾಯಿ ಮೊದಲ ಚೂರು ತಾನೇ ಮುರಿದುಕೊಂಡು ಬಾಯಿಗೆ ಹಾಕಿಕೊಂಡಳು.

ಮರಳುವಾಗ ಬಸ್ಸಿನಲ್ಲಿ ಅವಳು ಗಂಡನ ಕಡೆ ಬೆನ್ನು ಮಾಡಿ ಕಿಟಕಿಯ ಪಕ್ಕ ಕುಳಿತಳು. ತವನಪ್ಪ ನೀರಿನ ಬಾಟಲಿ ಮುಂದೆ ಹಿಡಿದ, ಪರದೆ ಸರಿಸಿದ. ಬಸ್ಸು ಕಬ್ಬಿನ ಹೊಲಗಳನ್ನು ದಾಟುವಾಗ ಅವಳು ಹೊರಗೆ ನೋಡುತ್ತಲೇ ಕೇಳಿದಳು:

"ಇನ್ನೇನೇನು ಮಾರೀರಿ?"

ತವನಪ್ಪ ಡ್ರೈವರನ ಬೆನ್ನು ನೋಡಿದ, ಬಸ್ಸಿನ ಮೇಲ್ಛಾವಣಿ ನೋಡಿದ. "ತಾಮ್ರದ ಹಂಡೆ" ಎಂದ.

"ಕಳುವಾತು ಅಂದಿದ್ರಿ! ನಾ ಪಾಪ ನೆರೆಮನಿ ಕಾಡವ್ವನ ಮ್ಯಾಲೆ ಸಂಶಯಪಟ್ಟು ಎರಡು ವರ್ಷ ಮಾತ ಬಿಟ್ಟೇನಿ!"

ಹಿಂದಿನ ಸೀಟಿನಿಂದ ಅಮಿತನ ನಗು ಕೇಳಿಸಿತು. ಸಖುಬಾಯಿ ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಅವಳು ನಕ್ಕದ್ದನ್ನು ನೋಡಿ ತವನಪ್ಪನಿಗೂ ಧೈರ್ಯ ಬಂತು. ಹೊತ್ತು ಮುಳುಗಲು ಇನ್ನೂ ಅರ್ಧ ತಾಸು ಇರುವಾಗ ಅಮಿತ ಕಂಪನಿಯ ನಿಯಮ ಪಕ್ಕಕ್ಕಿಟ್ಟು ಅವರನ್ನು ಅವರ ಮನೆಯ ಮುಂದೆಯೇ ಇಳಿಸಿದ. ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವವರಲ್ಲ ಎಂದು ಅವನಿಗೆ ಗೊತ್ತಿತ್ತು. ಅನುಜಾ ಅನ್ನ, ಬೇಳೆ, ಶೇಂಗಾ ಚಟ್ನಿ ಬಡಿಸುತ್ತ, "ಕಸಾ ಝಾಲಾ ಆಯಿ? ಟೂರು ಹೆಂಗಾತು?" ಎಂದು ಕೇಳಿದಳು.

ಸಖುಬಾಯಿ ತುತ್ತು ಕಲಸುತ್ತ ಯೋಚಿಸಿದಳು. "ಗಣಪತಿ ಕಾಣಲಿಲ್ಲ. ಕೋಟಿ ಇರಲಿಲ್ಲ. ವಾಡೆಕ್ಕ ಬೀಗ ಇತ್ತು. ರೊಟ್ಟಿ ಹೆಂಚಿನಂಗ ಇತ್ತು" ಎಂದಳು. "ಭಾಳ ಛಲೋ ಆತವಾ."

ಮರುದಿನ ಅವಳು ಮೊದಲು ಮಾಡಿದ ಕೆಲಸವೆಂದರೆ ಒಂದು ಡಬ್ಬಿ ಒಣದ್ರಾಕ್ಷಿ ತೆಗೆದುಕೊಂಡು ಕಾಡವ್ವನ ಮನೆಗೆ ಹೋದದ್ದು. ಕಟ್ಟೆಯ ಮೇಲೆ ಕುಳಿತು, ಹಂಡೆಯ ವಿಷಯದಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಕಾಡವ್ವ ಎರಡು ವರ್ಷದ ಮುನಿಸನ್ನು ಹತ್ತು ನಿಮಿಷ ಬೈದು ತೀರಿಸಿಕೊಂಡಳು. ಆಮೇಲೆ ಚಹಾ ಇಟ್ಟಳು. ಮುಂದಿನ ತಿಂಗಳು ಕೊಲ್ಲಾಪುರದ ಟೂರು ಇದೆಯಂತೆ, ಗೈಡು ಅದೇ ಹುಡುಗನಂತೆ ಎಂದು ಸಖುಬಾಯಿ ಹೇಳಿದಾಗ, "ನನ್ನ ಹೆಸರೂ ಹಚ್ಚು. ನಿನ್ನ ಗಂಡನ್ನ ಮಾತ್ರ ಮನ್ಯಾಗ ಒಬ್ಬನ್ನ ಬಿಡಬ್ಯಾಡ" ಎಂದಳು ಕಾಡವ್ವ.